ಮಾತಿಗೊಂದು ರುಜು

ಸಾರ್ವಜನಿಕ ಸಂಪರ್ಕವೆಂಬ ವೃತ್ತಿಯನ್ನು ಕಲಿಯಬೇಕೆಂದು ಕಚೇರಿಯೊಂದಕ್ಕೆ ಹೊಸದಾಗಿ ಬಂದು ಕುಳಿತ ವಿದ್ಯಾರ್ಥಿಗೆ ಮೊದಲ ವಾರಗಳಲ್ಲಿ ಒಪ್ಪಿಸುವ ಕೆಲಸಗಳು ಅಷ್ಟೇನೂ ಘನವಾದುವಲ್ಲ. ಬೆಳಗಿನ ಪತ್ರಿಕೆಗಳನ್ನೆಲ್ಲ ತಿರುವಿ, ಸಂಸ್ಥೆಯ ಹೆಸರು ಬಂದೆಡೆಯಲ್ಲೆಲ್ಲ ಕತ್ತರಿಯಾಡಿಸಿ, ಆ ತುಣುಕುಗಳನ್ನು ಪತ್ರಿಕೆಯ ಹೆಸರು ದಿನಾಂಕಗಳ ಸಹಿತವಾಗಿ ಹಾಳೆಗೆ ಅಂಟಿಸುವುದು. ಪತ್ರಿಕಾಲಯಗಳ ವಿಳಾಸಪಟ್ಟಿಯಲ್ಲಿ ವರ್ಗವಾಗಿ ಹೋದವರ ಹೆಸರನ್ನು ಹೊಡೆದು ಬಂದವರ ಹೆಸರನ್ನು ಸೇರಿಸುವುದು. ಪತ್ರಿಕಾಗೋಷ್ಠಿಯ ಬಾಗಿಲಲ್ಲಿ ನಿಂತು ವರದಿಗಾರರಿಂದ ರುಜು ಹಾಕಿಸಿಕೊಳ್ಳುವುದು. ಕಡೆಗೆ, ಹಿರಿಯರ ಮನಸ್ಸು ಪ್ರಸನ್ನವಾಗಿದ್ದ ಒಂದು ದಿನ, ಒಂದು ಪುಟಕ್ಕೆ ಮೀರದಂತೆ ಪತ್ರಿಕಾ ಪ್ರಕಟಣೆಯೊಂದನ್ನು ಬರೆದು ತೋರಿಸುವುದು. ಇವೆಲ್ಲವೂ ಗುಮಾಸ್ತೆಯ ಕೆಲಸಗಳೆಂದು ಹುಡುಗನಿಗೆ ತೋರಿದರೆ ಅದು ಅವನ ತಪ್ಪಲ್ಲ. ತನ್ನ ಮುಂದಿರುವ ಅಂಟು ಕತ್ತರಿಗಳಿಗೆ ಒಂದು ದೀರ್ಘವಾದ, ಅಲ್ಲಲ್ಲಿ ಲಜ್ಜಾಸ್ಪದವೂ ಆದ ಇತಿಹಾಸವುಂಟೆಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ.

ನಾನು ಕಲಿಯಲು ಕುಳಿತಿದ್ದ ಕಚೇರಿಯಲ್ಲಿಯೂ ಕ್ರಮ ಇದೇ ಆಗಿತ್ತು. ಕಾಲೇಜಿನಲ್ಲಿ ಓದಿದ್ದ ಅಲಂಕಾರಗಳನ್ನೆಲ್ಲ ಒಂದೇ ಪುಟಕ್ಕೆ ತುಂಬಿ ನಾನು ಬರೆದೊಯ್ದ ಮೊದಲನೆಯ ಪ್ರಕಟಣೆಯನ್ನು ಅಲ್ಲಿಯ ಹಿರಿಯರೊಬ್ಬರು ಆದ್ಯಂತವಾಗಿ ಓದಿದರು. ವಿಶೇಷಣಗಳ ಗೊಡವೆಗೆ ಅವರು ಹೋಗಲಿಲ್ಲ, 'ಎಂದು ತಿಳಿದುಬಂದಿದೆ' ಎಂದು ನಾನು ಗಂಭೀರವಾಗಿ ಮುಗಿಸಿದ್ದ ವಾಕ್ಯದ ಅಡಿಯಲ್ಲಿ ಸೀಸದ ಕಡ್ಡಿಯಿಂದ ಗೆರೆಯೆಳೆದು, "ತಿಳಿದದ್ದು ಯಾರಿಗಪ್ಪಾ? ಬಂದದ್ದು ಎಲ್ಲಿಂದ?" ಎಂದು ಕೇಳಿ, ಅಂಚಿನಲ್ಲಿ 'ಯಾರ ಮಾತು?' ಎಂದು ಬರೆದು ಹಾಳೆಯನ್ನು ಹಿಂದಕ್ಕೆ ಕೊಟ್ಟರು. ಅದನ್ನು ನಾನು ವ್ಯಾಕರಣದ ತಿದ್ದುಪಡಿಯೆಂದೇ ಎಣಿಸಿ, ಕರ್ತೃವಿಲ್ಲದ ವಾಕ್ಯಕ್ಕೆ ಕರ್ತೃವೊಂದನ್ನು ಒದಗಿಸಿದೆ. ಈ ವೃತ್ತಿಯ ಪೂರ್ವಕಥೆಯನ್ನು ಬಿಡುವಾದಾಗಲೆಲ್ಲ ಓದುತ್ತ ಬಂದಮೇಲೆ, ಆ ಎರಡು ಪದಗಳ ಪ್ರಶ್ನೆಗೆ ನೇರವಾದ ಉತ್ತರ ದೊರೆತಾಗಲೆಲ್ಲ ಈ ಕಸುಬು ಮಾನದಿಂದ ಬಾಳಿತೆಂದೂ, ಉತ್ತರವನ್ನು ಮರೆಮಾಡಿದಾಗಲೆಲ್ಲ ಕೆಟ್ಟ ಹೆಸರು ಪಡೆಯಿತೆಂದೂ ನನಗೆ ಮನವರಿಕೆಯಾಗಿದೆ.

ನಮ್ಮ ನಾಡಿನ ಮಟ್ಟಿಗೆ ಈ ಕಥೆಯನ್ನು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯಿಂದ ಆರಂಭಿಸಿದರೆ ಅತಿಶಯೋಕ್ತಿಯಾಗದು. ಶಾಸನತಜ್ಞ ಬಿ. ಎಲ್. ರೈಸ್ ಅವರು 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳನ್ನು ಧರ್ಮೋಪದೇಶವೆಂದು ಓದುವವರೇ ಹೆಚ್ಚು. ಆದರೆ ಪ್ರಕಟಣೆ ಬರೆಯುವವನ ಕಣ್ಣಿನಿಂದ ನೋಡಿದರೆ ಅವುಗಳಲ್ಲಿ ಬೇರೊಂದು ಸ್ವಾರಸ್ಯ ಕಾಣುತ್ತದೆ. ಬ್ರಹ್ಮಗಿರಿಯ ಶಾಸನವು ಉಪದೇಶದಿಂದ ತೊಡಗುವುದಿಲ್ಲ. ಸುವರ್ಣಗಿರಿಯಲ್ಲಿರುವ ರಾಜಕುಮಾರನೂ ಅವನ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಹಾರೈಸಿ ತಿಳಿಸತಕ್ಕದ್ದು ಏನೆಂದರೆ ಎಂದು, ಮಾತು ಯಾವ ಕಚೇರಿಯಿಂದ ಹೊರಟು ಯಾವ ಕಚೇರಿಗೆ ಬಂತೆಂಬುದನ್ನು ಮೊದಲು ಹೇಳಿ, ಆಮೇಲೆ ದೇವಾನಾಂಪ್ರಿಯನ ಆಜ್ಞೆಯನ್ನು ಅದು ನಿರೂಪಿಸುತ್ತದೆ. ಇನ್ನೂ ಸೊಗಸಾದ ಸಂಗತಿಯೆಂದರೆ ಅದರ ಕೊನೆಯ ಸಾಲು: ಇದನ್ನು ಬರೆದವನು ಚಪಡನೆಂದು ಅಲ್ಲಿ ಹೇಳಿದೆ, ಶಾಸನವೆಲ್ಲ ಬ್ರಾಹ್ಮೀಲಿಪಿಯಲ್ಲಿರಲಾಗಿ, ಲಿಪಿಕಾರನೆಂಬ ಅರ್ಥದ ತನ್ನ ಬಿರುದನ್ನು ಮಾತ್ರ ಅವನು ವಾಯವ್ಯ ದಿಕ್ಕಿನ ಖರೋಷ್ಠೀಲಿಪಿಯಲ್ಲಿ ಕೊರೆಯಿಸಿದ್ದಾನೆ. ಹೇಳಿದವನು, ಕಳುಹಿಸಿದವನು, ಬರೆದವನು, ಈ ಮೂವರೂ ತಮ್ಮ ತಮ್ಮ ಸ್ಥಾನದಲ್ಲಿ ಇರುವ ಪ್ರಕಟಣೆಯಿದು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆಯೇ ಇದರ ವಿನ್ಯಾಸ ಸಿದ್ಧವಾಗಿತ್ತು.

ಮಾತಿನ ಒಡೆಯನ ಹೆಸರು ಅಸ್ಪಷ್ಟವಾದರೆ ಏನಾಗುತ್ತದೆಂಬುದಕ್ಕೂ ಇದೇ ಶಾಸನಗಳು ನಿದರ್ಶನವಾಗಿವೆ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀಲಿಪಿಯ ಗುಟ್ಟನ್ನು ಬಿಡಿಸಿದಾಗ ಓದುಗರಿಗೆ ದೊರೆತದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಹೊರತು ಅಂಕಿತನಾಮವಲ್ಲ. ಆ ದೊರೆ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಬೇಕಾಯಿತು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ, ಚಿನ್ನದ ಗಣಿಯ ಕೆಲಸದ ಮೇಲೆ ತಿರುಗುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಂಡ ಬಂಡೆಯ ಮೇಲೆ ಅಶೋಕನೆಂಬ ಹೆಸರು ಸ್ಪಷ್ಟವಾಗಿ ದೊರೆತು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದ ಮೇಲೆಯೇ ಆ ಊಹೆಗೆ ಕನ್ನಡನಾಡಿನ ಕಲ್ಲಿನ ಸಾಕ್ಷ್ಯ ಒದಗಿತು. ಚಕ್ರವರ್ತಿಯ ಮಾತಿಗೇ ಒಡೆಯನನ್ನು ಗೊತ್ತುಮಾಡಲು ಸುಮಾರು ಎಂಟು ದಶಕಗಳ ಜಿಜ್ಞಾಸೆ ನಡೆಯಿತೆಂದರೆ ಸಾಮಾನ್ಯರ ಪಾಡೇನು?

ಮುಂದೆ ಬಂದ ಕನ್ನಡದ ಶಾಸನಕಾರರು ಈ ಪಾಠವನ್ನು ಮರೆಯಲಿಲ್ಲ. ದಾನ ಕೊಟ್ಟವನು, ಪಡೆದವನು, ಸಾಕ್ಷಿಗಳು, ಬರೆದವನು, ಕಂಡರಿಸಿದವನು ಎಂದು ಒಬ್ಬೊಬ್ಬರನ್ನೂ ಹೆಸರಿಸಿ, ಅಳಿಪಿದವರಿಗೆ ತಟ್ಟುವ ಪಾಪವನ್ನೂ ಕೊನೆಯಲ್ಲಿ ನಮೂದಿಸುವುದು ಅವರ ಪದ್ಧತಿ. ಹೆಸರಿಗೆ ಇಷ್ಟು ಬೆಲೆ ಬಂದಮೇಲೆ ಹೆಸರನ್ನು ಕದಿಯುವವರೂ ಹುಟ್ಟಿಕೊಂಡರು. ಭೂಮಿಯ ಹಕ್ಕಿಗಾಗಿ ಹಿಂದಿನ ಅರಸರ ಹೆಸರಿನಲ್ಲಿ ಹೊಸದಾಗಿ ತಾಮ್ರಪಟಗಳನ್ನು ಬರೆಯಿಸಿಕೊಂಡವರುಂಟು. ಇವನ್ನು ವಿದ್ವಾಂಸರು ಕೂಟಶಾಸನಗಳೆಂದು ಕರೆಯುತ್ತಾರೆ. ಗಂಗರ ತಾಮ್ರಶಾಸನಗಳಲ್ಲಿ ಯಾವುದು ಸಾಚಾ, ಯಾವುದು ಕೂಟವೆಂಬ ವಿಷಯದಲ್ಲಿ ಇನ್ನೊಬ್ಬ ಶಾಸನತಜ್ಞರಾದ ಫ್ಲೀಟರಿಗೂ ರೈಸರಿಗೂ ನಡೆದ ವಾಗ್ವಾದವು ಶಾಸನಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಒಬ್ಬನ ಪ್ರಯೋಜನಕ್ಕಾಗಿ ಇನ್ನೊಬ್ಬನ ಬಾಯಿಂದ ಮಾತನಾಡಿಸುವ ಉಪಾಯ ಇಪ್ಪತ್ತನೆಯ ಶತಮಾನದ ಪ್ರಚಾರ ನಿಪುಣರ ಆವಿಷ್ಕಾರವೆಂದು ಯಾರೂ ಭಾವಿಸಬೇಕಾಗಿಲ್ಲ.

ಓದು ಬಾರದ ಬಹುಜನಕ್ಕೆ ಕಲ್ಲೂ ತಾಮ್ರವೂ ದೂರವಾದುವು. ಅವರ ಕಿವಿಗೆ ಬಿದ್ದದ್ದು ಡಂಗುರ. ಸಂಜೆಯ ಹೊತ್ತು ಬೀದಿಯ ಕೂಡುವೆಡೆಯಲ್ಲಿ ತಮಟೆಯ ಸದ್ದಾಗಿ, ಮಕ್ಕಳು ಓಡಿಬಂದು, ಹೆಂಗಸರು ಬಾಗಿಲಿಗೆ ಬಂದು ನಿಂತಮೇಲೆ, ಸಾರುವವನು ಕಂದಾಯದ ಕಂತನ್ನೋ ಜಾತ್ರೆಯ ದಿನವನ್ನೋ ಕೆರೆಯ ತೂಬೆತ್ತುವ ಹೊತ್ತನ್ನೋ ಕೂಗಿ ಹೇಳುತ್ತಿದ್ದನು. ಹಾಗೆ ಹೇಳುವಾಗ ಇದು ಅಮಲ್ದಾರರ ಅಪ್ಪಣೆಯೆಂದೋ ಊರ ಗೌಡರ ಮಾತೆಂದೋ ಒಡೆಯನನ್ನು ಹೆಸರಿಸದೆ ಅವನು ಮುಂದಿನ ಬೀದಿಗೆ ಕಾಲಿಡುತ್ತಿರಲಿಲ್ಲ. ಸಾರುವವನು ಸಾಮಾನ್ಯವಾಗಿ ಊರಿನ ಅಂಚಿನಲ್ಲಿ ಇರಿಸಲ್ಪಟ್ಟವನು. ತಮಟೆ ಅವನದು, ಮಾತು ಚಾವಡಿಯದು. ಏಕೆ ಎಂತು ಎಂದು ಯಾರಾದರೂ ಕೇಳಿದರೆ, ಚಾವಡಿಯಲ್ಲಿ ವಿಚಾರಿಸಿಕೊಳ್ಳಿರೆಂದು ಕೈತೋರಿಸುವುದಷ್ಟೇ ಅವನಿಗಿದ್ದ ಅಧಿಕಾರ. ಡಂಗುರದ ಗುಣವೂ ದೋಷವೂ ಇದರಲ್ಲಿಯೇ ಇದೆ: ಅದು ಒಡೆಯನ ಹೆಸರನ್ನು ಬಚ್ಚಿಡುವುದಿಲ್ಲ, ಆದರೆ ಪ್ರಜೆಯ ಮರುಮಾತನ್ನು ಒಡೆಯನ ಬಳಿಗೆ ಒಯ್ಯುವುದೂ ಇಲ್ಲ.

ಮರುಮಾತಿಗೆ ಒಂದು ಸ್ಥಳವನ್ನು ಕಲ್ಪಿಸಿದ ಕೀರ್ತಿ ಮೈಸೂರಿನದು. 1881ರ ಮಾರ್ಚಿನಲ್ಲಿ ರಾಜ್ಯವು ಆಂಗ್ಲರಿಂದ ಒಡೆಯರ ಕೈಗೆ ಮರಳಿದ ಕೆಲವೇ ತಿಂಗಳಲ್ಲಿ, ಅಂದರೆ ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಅವರು ದಸರೆಯ ಸಂದರ್ಭದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಕೂಡಿಸಿ, ರಾಜ್ಯದ ನಾನಾ ಭಾಗಗಳಿಂದ ಬಂದಿದ್ದ 144 ಮಂದಿ ಪ್ರತಿನಿಧಿಗಳ ಮುಂದೆ ಸರ್ಕಾರದ ಆಯವ್ಯಯಗಳನ್ನೂ ಮುಂದಿನ ಉದ್ದೇಶಗಳನ್ನೂ ತಾವೇ ನಿಂತು ನಿವೇದಿಸಿದರು. ಮತಕ್ಕೆ ಹಾಕಿ ನಿರ್ಣಯಿಸುವ ಅಧಿಕಾರ ಆ ಸಭೆಗೆ ಇರಲಿಲ್ಲವಾದುದರಿಂದ ಅದನ್ನು ಶಾಸನಸಭೆಯೆಂದು ಹೊಗಳುವುದು ಅಸಾಧು. ಆದರೂ, ಹೇಳಿದವನು ಕುರ್ಚಿಯಲ್ಲಿ ಕುಳಿತೇ ಇರುವಾಗ ಕೇಳಿದವನು ಎದ್ದುನಿಂತು ತನ್ನ ತಾಲ್ಲೂಕಿನ ಕೆರೆ ಒಡೆದುದನ್ನೂ ರಸ್ತೆ ಕೆಟ್ಟುದನ್ನೂ ಅರಿಕೆಮಾಡಿಕೊಳ್ಳಬಹುದಾದ ಆ ವ್ಯವಸ್ಥೆಯು ಡಂಗುರದಿಂದ ಬಹುದೂರ ಬಂದುದೆಂಬುದನ್ನು ಒಪ್ಪಬೇಕು. ಅದೇ ಸಂಸ್ಥಾನವು 1908ರಲ್ಲಿ, ಸರ್ಕಾರದ ಅನುಮತಿಯಿಲ್ಲದೆ ಯಾರೂ ಪತ್ರಿಕೆ ನಡೆಸಕೂಡದೆಂಬ ನಿಬಂಧನೆಯನ್ನು ಹೊರಡಿಸಿ, ಕೆಲವು ಪತ್ರಿಕೆಗಳು ನಿಂತೇಹೋಗುವಂತೆ ಮಾಡಿತೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ದಸರೆಯಲ್ಲಿ ಕಿವಿಗೊಟ್ಟ ಸರ್ಕಾರಕ್ಕೆ ವರ್ಷದ ಉಳಿದ ದಿನಗಳ ಮರುಮಾತು ರುಚಿಸಲಿಲ್ಲ.

ಮೈಸೂರಿನಲ್ಲಿ ಹೀಗಿರಲು, ಸಾರ್ವಜನಿಕ ಸಂಪರ್ಕವು ಒಂದು ಪ್ರತ್ಯೇಕ ವೃತ್ತಿಯಾಗಿ, ಸಂಬಳಕ್ಕೂ ಸಂಭಾವನೆಗೂ ನಡೆಯುವ ಕಸುಬಾಗಿ ರೂಪುಗೊಂಡದ್ದು ಅಮೆರಿಕಾದಲ್ಲಿ. ರೈಲು, ಕಲ್ಲಿದ್ದಲು, ಎಣ್ಣೆಗಳ ಒಡೆಯರು ಅಲ್ಲಿ ಬೆಳೆದು ನಿಂತಿದ್ದರು. ಅವರ ಅನ್ಯಾಯಗಳನ್ನು ಬಯಲಿಗೆಳೆಯುವ ಪತ್ರಿಕೆಗಳೂ ಬೆಳೆದಿದ್ದುವು. ಪತ್ರಿಕೆಯವರಿಗೆ ಬಾಗಿಲು ಹಾಕುವುದೇ ಒಡೆಯರಿಗೆ ತಿಳಿದಿದ್ದ ಏಕೈಕ ಉಪಾಯವಾಗಿತ್ತು. ವರದಿಗಾರನಾಗಿ ದುಡಿದಿದ್ದ ಐವಿ ಲೀ ಎಂಬ ತರುಣನು 1906ರಲ್ಲಿ ಗಣಿ ಮಾಲೀಕರ ಪರವಾಗಿ ಕೆಲಸಕ್ಕೆ ನಿಂತಾಗ ಸಂಪಾದಕರೆಲ್ಲರಿಗೂ ಒಂದು ಪ್ರತಿಜ್ಞಾಪತ್ರವನ್ನು ಕಳುಹಿಸಿದನು. ತನ್ನದು ಗುಪ್ತವಾದ ಕಚೇರಿಯಲ್ಲವೆಂದೂ, ಕೆಲಸವೆಲ್ಲ ಬಹಿರಂಗವಾಗಿ ನಡೆಯುವುದೆಂದೂ, ಯಾರ ಪರವಾಗಿ ಹೇಳುತ್ತಿರುವೆನೆಂಬುದನ್ನು ಕೇಳಿದವರಿಗೆ ತಿಳಿಸುವುದಾಗಿಯೂ, ಹೇಳಿದುದನ್ನು ಪರೀಕ್ಷಿಸಬಯಸುವ ಸಂಪಾದಕನಿಗೆ ತಾನೇ ನೆರವಾಗುವುದಾಗಿಯೂ ಅದರ ತಾತ್ಪರ್ಯ. ಅದೇ ವರ್ಷದ ಅಕ್ಟೋಬರ್ 28ರಂದು ಅಟ್ಲಾಂಟಿಕ್ ಸಿಟಿಯ ಬಳಿ ರೈಲೊಂದು ಸೇತುವೆಯಿಂದ ನೀರಿಗುರುಳಿ ಐವತ್ತಕ್ಕೂ ಮಿಕ್ಕಿ ಜನ ಪ್ರಾಣ ಕಳೆದುಕೊಂಡಾಗ ಪ್ರತಿಜ್ಞೆಗೆ ಪರೀಕ್ಷೆ ಬಂತು. ಅಪಘಾತವಾದರೆ ಬಾಯಿಮುಚ್ಚಿಕೊಳ್ಳುವುದೇ ರೈಲ್ವೆ ಕಂಪನಿಗಳ ರೂಢಿಯಾಗಿತ್ತು. ಪೆನ್ಸಿಲ್ವೇನಿಯಾ ರೈಲ್ವೆಯ ಪರವಾಗಿ ಲೀ ನಡೆದದ್ದನ್ನು ಕಂಪನಿಯ ಹೆಸರಿನಲ್ಲಿಯೇ ಬರೆದು ಪತ್ರಿಕೆಗಳಿಗೆ ಕೊಟ್ಟನು. ನ್ಯೂಯಾರ್ಕ್ ಟೈಮ್ಸ್ ಅದನ್ನು ಹಾಗೆಯೇ ಅಚ್ಚುಮಾಡಿತು. ಇಂದಿನ ಪತ್ರಿಕಾ ಪ್ರಕಟಣೆಯ ವಂಶವೃಕ್ಷವನ್ನು ಬರೆಯುವವರು ಈ ಹಾಳೆಯನ್ನೇ ಬೇರಿನ ಸ್ಥಾನದಲ್ಲಿ ಇರಿಸುತ್ತಾರೆ. ಮೊದಲ ದಿನವೇ ವಿದ್ಯಾರ್ಥಿಗೆ ಕಲಿಸುವ ಸೂತ್ರ, ಕೆಟ್ಟ ಸುದ್ದಿಯನ್ನು ಬೇರೆಯವರು ಹೇಳುವುದಕ್ಕೆ ಮೊದಲು ನೀನೇ ಹೇಳೆಂಬುದು, ಆ ನೀರಿನಲ್ಲಿ ಮುಳುಗಿದವರ ಬೆಲೆಗೆ ದೊರೆತದ್ದು.

ಕಥೆ ಇಲ್ಲಿಗೇ ನಿಂತಿದ್ದರೆ ಲೀ ಈ ವೃತ್ತಿಯ ಋಷಿಯಾಗಿಬಿಡುತ್ತಿದ್ದನು. 1914ರ ಏಪ್ರಿಲ್ 20ರಂದು ಕೊಲರಾಡೋ ಪ್ರಾಂತದ ಲಡ್ಲೋ ಎಂಬಲ್ಲಿ, ಮುಷ್ಕರ ಹೂಡಿ ಡೇರೆಗಳಲ್ಲಿ ವಾಸವಾಗಿದ್ದ ಗಣಿ ಕಾರ್ಮಿಕರ ಮೇಲೆ ಸೈನಿಕರ ದಾಳಿಯಾಗಿ, ಉರಿಯುವ ಡೇರೆಯೊಂದರ ಅಡಿಯ ಕುಳಿಯಲ್ಲಿ ಅವಿತಿದ್ದ ಇಬ್ಬರು ಹೆಂಗಸರೂ ಹನ್ನೊಂದು ಮಂದಿ ಮಕ್ಕಳೂ ಉಸಿರುಕಟ್ಟಿ ಸತ್ತರು. ಗಣಿಯ ಕಂಪನಿ ರಾಕ್‌ಫೆಲ್ಲರ್ ಮನೆತನದ ಹಿಡಿತದಲ್ಲಿತ್ತು. ದೇಶವೆಲ್ಲ ಆ ಹೆಸರಿಗೆ ಛೀಮಾರಿ ಹಾಕುತ್ತಿರಲಾಗಿ, ಲೀಯನ್ನು ಕರೆಸಿಕೊಂಡರು. ಅವನು ಬರೆದ ಪ್ರಚಾರಪತ್ರಗಳು ಗಣಿ ಅಧಿಕಾರಿಗಳ ಸಮಿತಿಯೊಂದರ ಹೆಸರಿನಲ್ಲಿ ಹೊರಬಿದ್ದುವು. ಅಚ್ಚಾದದ್ದು ಫಿಲಡೆಲ್ಫಿಯಾದಲ್ಲಿ, ಅಂಚೆಗೆ ಬಿದ್ದದ್ದು ಡೆನ್ವರಿನಲ್ಲಿ. ಕಾರ್ಮಿಕ ನಾಯಕರ ಸಂಬಳದ ವಿಷಯದಲ್ಲಿ ವರ್ಷದ ಮೊತ್ತವನ್ನು ಕೆಲವೇ ವಾರಗಳದೆಂದು ತೋರಿಸುವಂಥ ತಪ್ಪುಗಳೂ ಅವುಗಳಲ್ಲಿದ್ದುವು. ಕೈಗಾರಿಕಾ ಸಂಬಂಧಗಳ ಆಯೋಗವು ಅವನನ್ನು ವಿಚಾರಿಸುತ್ತ, ನಿಮಗೆ ಕೊಟ್ಟ ಸಂಗತಿಗಳು ನಿಜವೇ ಎಂದು ತಿಳಿಯಲು ನೀವಾಗಿ ಏನು ಪ್ರಯತ್ನ ಮಾಡಿದಿರೆಂದು ಪ್ರಶ್ನಿಸಿದಾಗ, ಏನೂ ಮಾಡಲಿಲ್ಲವೆಂದು ಅವನೇ ಒಪ್ಪಿಕೊಳ್ಳಬೇಕಾಯಿತು. ಐವಿಯೆಂಬುದು ಆ ದೇಶದಲ್ಲಿ ಒಂದು ಬಳ್ಳಿಯ ಹೆಸರೂ ಆಗಿರುವುದರಿಂದ, ಅಪ್ಟನ್ ಸಿಂಕ್ಲೇರ್ ಎಂಬ ಲೇಖಕನು ಅವನಿಗೆ ವಿಷದ ಬಳ್ಳಿಯೆಂದು ಹೆಸರಿಟ್ಟನು. ಆ ಹೆಸರು ಅವನನ್ನು ಸಾಯುವವರೆಗೂ ಬಿಡಲಿಲ್ಲ. ಎಂಟು ವರ್ಷಗಳ ಹಿಂದೆ ಸಂಪಾದಕರಿಗೆಲ್ಲ ಪ್ರತಿಜ್ಞೆ ಬರೆದುಕೊಟ್ಟವನೇ ಅದನ್ನು ಮುರಿದನು.

ಲೀ ಅಂಜುತ್ತ ಮಾಡಿದ್ದನ್ನು ಎಡ್ವರ್ಡ್ ಬರ್ನೇಸ್ ಒಂದು ಶಾಸ್ತ್ರವನ್ನಾಗಿಯೇ ಮಾಡಿದನು. ವಿಯೆನ್ನಾದಲ್ಲಿ 1891ರಲ್ಲಿ ಜನಿಸಿ, 1995ರವರೆಗೆ ಬಾಳಿದ ಈತನು ಮನಶ್ಶಾಸ್ತ್ರಜ್ಞ ಫ್ರಾಯ್ಡನ ಸೋದರಳಿಯ. 1923ರಲ್ಲಿ ಲೋಕಾಭಿಪ್ರಾಯವನ್ನು ರೂಪಿಸುವ ಬಗೆಯನ್ನು ಕುರಿತು ಗ್ರಂಥ ಬರೆದವನು. 1929ರ ಈಸ್ಟರ್ ಹಬ್ಬದ ದಿನ ನ್ಯೂಯಾರ್ಕಿನ ಐದನೆಯ ಅವೆನ್ಯೂ ಬೀದಿಯಲ್ಲಿ ಕುಲೀನ ಮನೆತನದ ತರುಣಿಯರು ಸಿಗರೇಟು ಹೊತ್ತಿಸಿಕೊಂಡು ನಡೆದರು. ಅವು ಸ್ವಾತಂತ್ರ್ಯದ ದೀವಟಿಗೆಗಳೆಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ತರುಣಿಯರಿಗೆ ಆಹ್ವಾನದ ತಂತಿ ಹೋದದ್ದು ಬರ್ನೇಸನ ಕಾರ್ಯದರ್ಶಿನಿಯೊಬ್ಬಳ ಹೆಸರಿನಲ್ಲಿ. ಹಣ ಬಂದದ್ದು ತಂಬಾಕಿನ ಕಂಪನಿಯಿಂದ. ಕಂಪನಿಯ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಇದನ್ನು ಬಲ್ಲವರು ಇಂದಿಗೂ ಚಾತುರ್ಯದ ಪರಾಕಾಷ್ಠೆಯೆಂದು ವರ್ಣಿಸುವುದುಂಟು. ನನಗಾದರೋ ತಾಮ್ರದ ಬದಲು ಹೊಗೆಯಲ್ಲಿ ಬರೆದ ಕೂಟಶಾಸನವಾಗಿ ಇದು ಕಾಣುತ್ತದೆ. ಇಳಿವಯಸ್ಸಿನಲ್ಲಿ ಬರ್ನೇಸನೇ ಧೂಮಪಾನದ ವಿರುದ್ಧ ದನಿಯೆತ್ತಿದನೆಂಬುದೂ, ಈ ವೃತ್ತಿಯವರಿಗೆ ವೈದ್ಯರಿಗಿರುವಂತೆ ಪರವಾನಗಿ ಇರಬೇಕೆಂದು ವಾದಿಸಿದನೆಂಬುದೂ ಅವನ ಪರವಾಗಿ ಹೇಳಬೇಕಾದ ಮಾತು.

ಇತ್ತ ಮೈಸೂರಿನಲ್ಲಿ, ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯ ಕಾಲಕ್ಕೆ ಪ್ರಚಾರವು ಸರ್ಕಾರದ ನಿತ್ಯಕರ್ಮಗಳಲ್ಲೊಂದಾಗಿತ್ತು. ಗಂಧದ ಸಾಬೂನು, ರೇಷ್ಮೆ, ದಸರೆ, ಬೃಂದಾವನದ ಕಾರಂಜಿ, ಇವೆಲ್ಲ ಸಂಸ್ಥಾನದ ಹೆಸರನ್ನು ಹೊರಗೆ ಒಯ್ಯುತ್ತಿದ್ದುವು. ಆದರೆ ಸಾಬೂನಿನ ಸುಗಂಧ ಬಂದೂಕಿನ ಹೊಗೆಯನ್ನು ಮರೆಮಾಡಲಾರದೆಂಬುದು 1938ರ ಏಪ್ರಿಲ್ 25ರಂದು ತಿಳಿಯಿತು. ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟೆಂದು ಸರ್ಕಾರ ಹೇಳಿದ ಸಂಖ್ಯೆ ಒಂದು, ಜನ ಹೇಳಿದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚಿನದು. ಇಂದು ಆ ಊರಿಗೆ ಹೋಗಿ ಕೇಳಿದರೆ ಹೇಳುವುದು ಜನರ ಸಂಖ್ಯೆಯನ್ನೇ. ಸರ್ಕಾರದ ಮಾತಿಗೆ ರುಜುವೇನೋ ಇತ್ತು. ರುಜುವಿನ ಹಿಂದೆ ನಂಬಿಕೆ ಇರಲಿಲ್ಲ. ಒಡೆಯನ ಹೆಸರನ್ನು ಕಾಣಿಸಿದರೆ ಸಾಲದು, ಆ ಹೆಸರು ಮೊದಲೇ ನಿಜ ಹೇಳಿ ರೂಢಿಯಾಗಿರಬೇಕೆಂಬ ಎರಡನೆಯ ಪಾಠವನ್ನು ನಮ್ಮ ನಾಡು ಹೀಗೆ ಕಲಿಯಿತು. ಜನದ ಕೋಪವನ್ನು ಆರಿಸಲು ಕಡೆಗೆ ಬೇಕಾದದ್ದು ಹೇಳಿಕೆಯಲ್ಲ, ಒಪ್ಪಂದ. ವಲ್ಲಭಭಾಯಿ ಪಟೇಲರು ಬಂದು ದಿವಾನರೊಡನೆ ಮಾತನಾಡಿದ ಮೇಲೆ ಸಂಸ್ಥಾನವು ಕಾಂಗ್ರೆಸ್ಸಿನ ಧ್ವಜಕ್ಕೆ ಅವಕಾಶವಿತ್ತಿತು.

ಸ್ವಾತಂತ್ರ್ಯಾನಂತರದ ಕಥೆಯನ್ನು ಬೇಗನೆ ಹೇಳಬಹುದು. ಬೆಂಗಳೂರಿನ ಸುತ್ತ ಹಿಂದೂಸ್ತಾನ್ ಏರೋನಾಟಿಕ್ಸ್, ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಮೊದಲಾದ ದೊಡ್ಡ ಕಾರ್ಖಾನೆಗಳು ಬೆಳೆದು, ಸಾರ್ವಜನಿಕ ಸಂಪರ್ಕಾಧಿಕಾರಿಯನ್ನು ಸೂಚಿಸುವ ಪಿ.ಆರ್.ಓ. ಎಂಬ ಮೂರಕ್ಷರ ಕನ್ನಡಿಗರಿಗೂ ಪರಿಚಿತವಾಯಿತು. 1951ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಪತ್ರಿಕೋದ್ಯಮದ ಬೋಧನೆ ಮೊದಲಾಗಿ, ಈ ವಿದ್ಯೆಗೆ ತರಗತಿಯ ಬಾಗಿಲು ತೆರೆಯಿತು. ವೃತ್ತಿನಿರತರು 1958ರಲ್ಲಿ ತಮ್ಮದೇ ಆದ ಅಖಿಲ ಭಾರತ ಸಂಘವನ್ನು ಸ್ಥಾಪಿಸಿ, 1968ರ ಏಪ್ರಿಲ್ 21ರಂದು ದೆಹಲಿಯ ಸಮ್ಮೇಳನದಲ್ಲಿ ನೀತಿಸಂಹಿತೆಯೊಂದನ್ನು ಅಂಗೀಕರಿಸಿದರು. ಆ ದಿನವನ್ನು ಈಗಲೂ ಸಾರ್ವಜನಿಕ ಸಂಪರ್ಕ ದಿನವೆಂದು ಆಚರಿಸುತ್ತಾರೆ. ಸಂಹಿತೆಗಳು ಒಳ್ಳೆಯವೇ. ಆದರೆ ಲೀ ಬರೆದ ಪ್ರತಿಜ್ಞೆಯಲ್ಲಿ ಯಾವ ಲೋಪವಿತ್ತು?

ಆದುದರಿಂದ ನಾನು ನೆಚ್ಚುವುದು ಸಂಹಿತೆಗಿಂತ ಹೆಚ್ಚಾಗಿ ಆ ಒಂದು ಪುಟದ ಹಾಳೆಯ ಚೌಕಟ್ಟನ್ನು. ನೆತ್ತಿಯಲ್ಲಿ ಸಂಸ್ಥೆಯ ಹೆಸರು, ಬಲಕ್ಕೆ ಸ್ಥಳ ದಿನಾಂಕಗಳು, 'ಪ್ರಕಟಣೆಯ ಕೃಪೆಗಾಗಿ' ಎಂಬ ಹಳೆಯ ವಿನಯ, ನಡುವೆ ನಾಲ್ಕು ಕಂಡಿಕೆ, ಅಡಿಯಲ್ಲಿ ರುಜು. ವಿದ್ಯಾರ್ಥಿಗೆ ಇದು ನಮೂನೆಯಂತೆ ಕಾಣುತ್ತದೆ. ಬಲ್ಲವನಿಗೆ ಇದರ ಒಂದೊಂದು ಸಾಲೂ ಒಂದೊಂದು ಬೇಲಿ. ಯಾವ ಕಳ್ಳತನ ಹಿಂದೆ ಎಲ್ಲಿ ನಡೆಯಿತೋ ಅಲ್ಲಿಯೇ ಬೇಲಿ ಎದ್ದಿದೆ. ಕತ್ತರಿಸಿ ಅಂಟಿಸುವ ತುಣುಕುಗಳೂ ಪ್ರಶಂಸೆಯ ಸಂಗ್ರಹವಲ್ಲ. ನಾವು ಆಡಿದ ಮಾತಿಗೆ ಊರು ಕೊಟ್ಟ ಮರುಮಾತನ್ನು ಚಾವಡಿಗೆ ಒಯ್ಯುವ ಏರ್ಪಾಡು ಅದು, ಡಂಗುರದವನ ಕೈಯಲ್ಲಿ ಇಲ್ಲದಿದ್ದದ್ದು.

ನನ್ನ ಮೊದಲ ಪ್ರಕಟಣೆಯನ್ನು ತಿದ್ದಿಕೊಂಡು ಎರಡನೆಯ ಬಾರಿ ಹೋದಾಗ ಆ ಹಿರಿಯರು ಅದರಲ್ಲಿ ಗೆರೆಯೆಳೆಯಲಿಲ್ಲ. ಅಡಿಯಲ್ಲಿ ತಮ್ಮ ರುಜು ಹಾಕಿ, ಅದರ ಕೆಳಗೆ ಬೆರಳಿಟ್ಟು, "ವಿವರ ಬೇಕಾದವರು ಕೇಳಬೇಕಾದ ಹೆಸರು ಅಂತ ನಿನ್ನದನ್ನೂ ಬರಿ. ಬರೆದವನು ನೀನಲ್ಲವೇನಯ್ಯಾ?" ಎಂದರು. ಸಂಕೋಚದಿಂದ ಸಣ್ಣ ಅಕ್ಷರಗಳಲ್ಲಿ ಬರೆದೆ. ಮರುದಿನ ಬೆಳಿಗ್ಗೆ ಕತ್ತರಿ ಹಿಡಿದು ಕುಳಿತಿರುವಾಗ ಪತ್ರಿಕಾಲಯವೊಂದರಿಂದ ಫೋನು ಬಂದು, ಆ ಕಡೆಯವರು ನನ್ನ ಹೆಸರನ್ನೇ ಹಿಡಿದು ಕೇಳಿದರು: ಎರಡನೆಯ ಕಂಡಿಕೆಯ ಮೊತ್ತವೂ ನಾಲ್ಕನೆಯ ಕಂಡಿಕೆಯ ಮೊತ್ತವೂ ತಾಳೆಯಾಗುತ್ತಿಲ್ಲವಲ್ಲ, ಯಾವುದು ಸರಿ? ಅಂಕಿಗಳನ್ನು ನನಗೆ ಬೇರೊಂದು ವಿಭಾಗದವರು ಕೊಟ್ಟಿದ್ದರು. ನಾನು ಕೂಡಿ ನೋಡಿರಲಿಲ್ಲ. ಹಾಗೆಂದು ಹೇಳಿ ತಪ್ಪಿಸಿಕೊಳ್ಳಬಹುದಾಗಿತ್ತು. ಅಡಿಯಲ್ಲಿದ್ದ ಹೆಸರು ನನ್ನದಾದುದರಿಂದ, ತಪ್ಪು ನನ್ನದೇ, ಕಾಲುಗಂಟೆಯಲ್ಲಿ ಸರಿಯಾದುದನ್ನು ತಿಳಿಸುತ್ತೇನೆಂದು ಹೇಳಿ, ಕತ್ತರಿಯನ್ನು ಕೆಳಗಿಟ್ಟು ಎದ್ದೆ.